ಖಡಕ್ ರೆಡ್ ವೈನ್ ಜೊತೆ ತಟ್ಟೆಯಲ್ಲಿ ಏನಿರಬೇಕು?

ಹೊಸನಾಲಿಗೆ

ಶನಿವಾರ ರಾತ್ರಿ ಮೂವರು ಗೆಳೆಯರನ್ನು ಊಟಕ್ಕೆ ಕರೆದಿದ್ದೆ. ಸ್ವಲ್ಪ ಗತ್ತು ತೋರಿಸೋಣ ಅಂತ ಕ್ಯಾಬರ್ನೆ ಸೋವಿನ್ಯೋನ್ ಅನ್ನುವ ಒಂದು ರೆಡ್ ವೈನ್ ತಂದಿದ್ದೆ. ಲೇಬಲ್ ಮೇಲೆ ಆಲ್ಕೋಹಾಲ್ 14.5% ಅಂತ ಇತ್ತು. ಮಾರುವವರು "ಇದು ಖಡಕ್ ವೈನ್" ಅಂತ ಹೇಳೇ ಕೊಟ್ಟಿದ್ದರು.

ಮೊದಲು ಸುಮ್ನೆ ಕುಡಿದೆವು. ಎರಡನೇ ಗುಟುಕಿಗೇ ಬಾಯೆಲ್ಲ ಒಣಗಿತು. ಮೇಲ್ತುಟಿ ಹಲ್ಲಿಗೆ ಅಂಟಿಕೊಂಡ ಹಾಗಾಯ್ತು. ಆಮೇಲೆ ಮೆಣಸಿನಕಾಯಿ ಅರೆದು ಹಚ್ಚಿ ಸುಟ್ಟ ಕೋಳಿ ಬಂತು. ಅದರ ಮೇಲೆ ವೈನ್ ಬಿದ್ದದ್ದೇ ಬಾಯಿಗೆ ಬೆಂಕಿ. ಕೊನೆಗೆ ಚಾಕೊಲೇಟ್ ಕೇಕ್. ಕೇಕ್ ತಿಂದು ಕುಡಿದರೆ ವೈನ್ ಥೇಟ್ ಕಷಾಯ! ಮೂವರೂ ಮರ್ಯಾದೆಗೆ "ಚೆನ್ನಾಗಿದೆ" ಅಂದರು, ಗ್ಲಾಸ್ ಮಾತ್ರ ಯಾರೂ ಖಾಲಿ ಮಾಡಲಿಲ್ಲ. ಅರ್ಧ ಬಾಟಲಿ ಹಾಗೇ ಉಳಿದಿದೆ.

ರೆಡ್ ವೈನ್‌ಗೆ ಮಾಂಸ ಅಂತಾರಲ್ಲ, ಕೋಳಿಯೂ ಮಾಂಸವೇ ಅಲ್ವಾ? ತಪ್ಪು ಬಾಟಲಿಯದ್ದೋ, ನನ್ನದೋ?

ಸಿಪ್ಪೆಬೀಜ

ಬಾಟಲಿಯದ್ದಲ್ಲ ಬಿಡಿ. ಅದು ಏನು ಮಾಡಬೇಕಿತ್ತೋ ಅದನ್ನೇ ಮಾಡಿದೆ. ಎದುರಿಗೆ ಇಟ್ಟ ಎರಡು ತಿಂಡಿಯೂ ಅದಕ್ಕೆ ಆಗದವು, ಅಷ್ಟೇ.

ಬಾಯಿ ಒಣಗಿತು ಅಂದಿರಲ್ಲ, ಅದು ಒಗರು. ಕಹಿ ಅಲ್ಲ, ಹುಳಿಯೂ ಅಲ್ಲ. ಸರಿಯಾಗಿ ಹಣ್ಣಾಗದ ಬಾಳೆಹಣ್ಣು ಕಚ್ಚಿದಾಗ ಆಗುವುದೂ ಇದೇ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆಯದೇ ಪದ ಇರುವುದು ನಮ್ಮ ಪುಣ್ಯ, ಕಹಿಯ ಜೊತೆ ಗಂಟುಹಾಕಿ ಒದ್ದಾಡಬೇಕಿಲ್ಲ. ಕಹಿ ನಾಲಿಗೆಯ ರುಚಿ. ಒಗರು ಹೆಚ್ಚಾಗಿ ಸ್ಪರ್ಶ. ಒಸಡಿಗೂ ಗೊತ್ತಾಗುತ್ತದೆ, ಕೆನ್ನೆಯ ಒಳಗೂ ಗೊತ್ತಾಗುತ್ತದೆ.

ಒಗರು ಕೊಡುವುದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟಿನಿಂದ ಬರುತ್ತದೆ, ಓಕ್ ಪೀಪಾಯಿಯಿಂದಲೂ ಸ್ವಲ್ಪ ಇಳಿಯುತ್ತದೆ. ರೆಡ್ ವೈನ್ ಮಾಡುವಾಗ ರಸದ ಜೊತೆ ಸಿಪ್ಪೆಯನ್ನೂ ಹುದುಗಿಸುತ್ತಾರೆ. ಅದಕ್ಕೇ ಕೆಂಪು, ಅದಕ್ಕೇ ಒಗರು. ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನ್ ಬಾಯನ್ನು ನುಣುಪಾಗಿ ಇಡುತ್ತದೆ. ಟ್ಯಾನಿನ್ ಹೋಗಿ ಆ ಪ್ರೋಟೀನ್‌ಗೇ ಅಂಟಿಕೊಳ್ಳುತ್ತದೆ. ಎಣ್ಣೆ ಇಲ್ಲದ ಯಂತ್ರದ ಹಾಗೆ ಬಾಯಿ ಉಜ್ಜತೊಡಗುತ್ತದೆ.

ಇದನ್ನು ವೈನ್ ಇಲ್ಲದೆಯೂ ನೋಡಬಹುದು. ಟೀ ಸೊಪ್ಪನ್ನು ಹತ್ತು ನಿಮಿಷ ಬಿಸಿನೀರಲ್ಲಿ ಬಿಟ್ಟು, ಸಕ್ಕರೆ ಹಾಲು ಹಾಕದೆ ಎರಡು ಗುಟುಕು ಕುಡಿಯಿರಿ. ಆಮೇಲೆ ಅದೇ ಲೋಟಕ್ಕೆ ಸ್ವಲ್ಪ ಹಾಲು. ಒಗರು ತಟ್ಟನೆ ಇಳಿಯುತ್ತದೆ. ಟ್ಯಾನಿನ್‌ಗೆ ಅಂಟಿಕೊಳ್ಳಲು ಹಾಲಿನ ಪ್ರೋಟೀನ್ ಸಿಕ್ಕಿತು, ನಿಮ್ಮ ಜೊಲ್ಲನ್ನು ಬಿಟ್ಟಿತು. ಸ್ಟೇಕ್, ಚೀಸ್ ಎಲ್ಲ ರೆಡ್ ವೈನ್‌ಗೆ ಮಾಡುವ ಉಪಕಾರವೂ ಇದೇ ಜಾತಿಯದ್ದು.

ಬಾಣಲೆ

ಕೋಳಿ ಮಾಂಸವೇ, ಆದರೆ ಎಂಥ ಕೋಳಿ? ಎದೆಭಾಗ ಆಗಿದ್ದರೆ ಅದರಲ್ಲಿ ಕೊಬ್ಬೇ ಇಲ್ಲ. ಮೇಲಿಂದ ಮೆಣಸಿನಕಾಯಿ ಬೇರೆ! ಖಾರಕ್ಕೆ ಉರಿಯುವ ನರಗಳನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ. 14.5% ಅಂದರೆ ಉರಿಯುವ ಒಲೆಗೆ ಗಾಳಿ ಊದಿದ ಹಾಗೆ.

ಕೇಕ್ ಕಥೆ ಬೇರೆ. ಬಾಯಿ ಸಿಹಿಗೆ ಒಗ್ಗಿಕೊಂಡ ಮೇಲೆ ಸಿಹಿ ಇಲ್ಲದ ವೈನ್ ಕುಡಿದರೆ ಹಣ್ಣಿನ ರುಚಿ ಮಾಯವಾಗಿ, ಹುಳಿ ಮತ್ತು ಕಹಿ ಮಾತ್ರ ಎದ್ದು ನಿಲ್ಲುತ್ತವೆ. ಸಿಹಿತಿಂಡಿಗೆ ಅದಕ್ಕಿಂತ ಸಿಹಿಯಾದ ವೈನೇ ಬೇಕು. ಚಾಕೊಲೇಟ್‌ಗೆ ಪೋರ್ಚುಗಲ್‌ನ ಪೋರ್ಟ್ ಇಲ್ಲವೇ ಫ್ರಾನ್ಸ್‌ನ ಬಾನ್ಯೂಲ್ಸ್. ಡ್ರೈ ರೆಡ್ (ಸಿಹಿ ಇಲ್ಲದ್ದು) ಮತ್ತು ಚಾಕೊಲೇಟ್ ಜೋಡಿಯನ್ನು ಪ್ರೇಮಿಗಳ ದಿನಕ್ಕೆ ಮಾರುವವರು ಇದನ್ನು ಯಾವತ್ತಾದರೂ ಒಟ್ಟಿಗೆ ತಿಂದು ಕುಡಿದು ನೋಡಿದ್ದಾರಾ ಅನ್ನುವುದು ನನ್ನ ಹಳೇ ಅನುಮಾನ.

ಅಡ್ಡಮಾತು

ಮತ್ತೆ ಶುರುವಾಯ್ತು. ಇಷ್ಟ ಬಂದದ್ದು ತಿನ್ನಿ, ಇಷ್ಟ ಬಂದದ್ದು ಕುಡಿಯಿರಿ. ಈ "ಜೋಡಿ" ಶಾಸ್ತ್ರ ಎಲ್ಲ ಬರೀ ಜಂಬ. 2001ರಲ್ಲಿ ಫ್ರಾನ್ಸ್‌ನ ಬೋರ್ಡೋದಲ್ಲಿ ಒಂದು ಪ್ರಯೋಗದ ವರದಿ ಬಂತು. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೇ ಕೆಂಪು ಬಣ್ಣ ಹಾಕಿ ಕೊಟ್ಟರು. ರೆಡ್ ವೈನ್‌ಗೆ ಹೇಳುವ ಘಮಗಳನ್ನೇ ಹೆಚ್ಚಾಗಿ ಬರೆದುಕೊಟ್ಟರು. ಓದುವವರ ಗತಿಯೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ಸಿಪ್ಪೆಬೀಜ

ಆ ಪ್ರಯೋಗ ನಿಜ, ನನಗೂ ಇಷ್ಟ. ಆದರೆ ಅದು ಮೂಗಿನ ಕಥೆ. ಘಮಕ್ಕೆ ಹೆಸರಿಡುವಾಗ ಕಣ್ಣು ಮೂಗನ್ನು ಯಾಮಾರಿಸುತ್ತದೆ ಅಂತ ಅದು ತೋರಿಸಿತು. ಒಗರಿಗೆ ಹೆಸರಿಡುವ ತಾಪತ್ರಯವೇ ಇಲ್ಲ. ಬಾಯಿ ಹಿಡಿದುಕೊಳ್ಳುತ್ತದೋ ಇಲ್ಲವೋ ಅಷ್ಟೇ. ಕಣ್ಣು ಮುಚ್ಚಿಯೇ ಆ ಟೀ ಕುಡಿದು ನೋಡಿ ಸ್ವಾಮಿ.

ಇನ್ನೊಂದು ಪ್ರಯೋಗ ಇದೆ, 2012ರದ್ದು. ಸ್ವಲ್ಪವೇ ಒಗರಿರುವ ಪಾನೀಯವನ್ನು ಮತ್ತೆ ಮತ್ತೆ ಕುಡಿಸಿದರು. ಗುಟುಕಿಗೆ ಗುಟುಕು ಒಗರು ಕೂಡುತ್ತಾ ಹೋಯಿತು. ನಡುವೆ ಕೊಬ್ಬಿನ ಮಾಂಸ ತಿನ್ನಿಸಿದಾಗ ಬಾಯಲ್ಲಿ ಉಳಿಯುವ ಜಿಡ್ಡನ್ನು ಬರೀ ನೀರಿಗಿಂತ ಒಗರಿನ ಪಾನೀಯ ಚೆನ್ನಾಗಿ ಇಳಿಸಿತು. ಜಿಡ್ಡು ಒಂದು ತುದಿ, ಒಗರು ಇನ್ನೊಂದು ತುದಿ. ಎರಡೂ ಒಂದನ್ನೊಂದು ಎಳೆದು ಮಧ್ಯಕ್ಕೆ ತರುತ್ತವೆ.

ಹೊಸನಾಲಿಗೆಯವರೇ, ಊಟಕ್ಕೆ ಮುಂಚೆ ಸುಮ್ನೆ ಕುಡಿದೆವು ಅಂದಿರಲ್ಲ, ಅಲ್ಲೇ ಒಗರು ಕೂಡುತ್ತಾ ಬಂದಿದೆ. ಇಂಥ ವೈನನ್ನು ಬರಿಬಾಯಲ್ಲಿ ಗುಟುಕರಿಸುತ್ತಾ ಕೂರಬಾರದು. ಒಂದು ತುತ್ತು, ಒಂದು ಗುಟುಕು.

ಅಡ್ಡಮಾತು

ಸರಿ, ಟೀ ಮಾಡಿ ನೋಡ್ತೀನಿ. ಒಪ್ಪಿಕೊಂಡೆ ಅಂತ ಅಲ್ಲ.

ತರಕಾರಿಬುಟ್ಟಿ

ನಾನು ಮಾಂಸ ತಿನ್ನುವುದಿಲ್ಲ. ಸ್ಟೇಕ್, ಕುರಿ ತೊಡೆ ಅಂತ ಬರೆಯುವವರನ್ನು ನೋಡಿ ನೋಡಿ ಸಾಕಾಗಿ, ನಾನೇ ಒಂದೊಂದಾಗಿ ಮಾಡಿ ನೋಡಿದ್ದೀನಿ. ಕೆಲಸಕ್ಕೆ ಬಂದದ್ದು, ಕೈಕೊಟ್ಟದ್ದು ಎರಡನ್ನೂ ಹೇಳ್ತೀನಿ.

ಬದನೆಕಾಯಿ ಗೆದ್ದಿತು. ದಪ್ಪ ಬಿಲ್ಲೆ ಕೊಯ್ದು, ಉಪ್ಪು ಸವರಿ, ಆಲಿವ್ ಎಣ್ಣೆ ಧಾರಾಳವಾಗಿ ಹಚ್ಚಿ, ಅಂಚು ಕಪ್ಪಾಗುವ ತನಕ ಸುಡಬೇಕು. ಎಣ್ಣೆ ಕುಡಿಯುವುದರಲ್ಲಿ ಬದನೆಕಾಯಿಯನ್ನು ಮೀರಿಸಿದ್ದಿಲ್ಲ, ಇಲ್ಲಿ ಅದೇ ಅದರ ಗುಣ. ಸುಟ್ಟ ಅಂಚಿನ ಸಣ್ಣ ಕಹಿ, ಓಕ್ ಪೀಪಾಯಿಯ ಸುಟ್ಟ ವಾಸನೆಗೆ ಚೆನ್ನಾಗಿ ಕೂರುತ್ತದೆ. ಮೇಲೆ ಹಳೆಯ ಗಟ್ಟಿ ಚೀಸ್ ತುರಿದರೆ ಇನ್ನೇನೂ ಬೇಡ. ಪಾರ್ಮೆಸಾನ್, ಮಾಂಚೆಗೊ, ವರ್ಷಗಟ್ಟಲೆ ಇಟ್ಟ ಚೆಡ್ಡರ್, ಯಾವುದಾದರೂ ಸರಿ. ಉಪ್ಪು, ಕೊಬ್ಬು, ಪ್ರೋಟೀನ್ ಮೂರೂ ಒಂದೇ ತುಂಡಲ್ಲಿ. ಬೆಳ್ಳುಳ್ಳಿ ಹಾಕಿ ಬೇಯಿಸಿದ ಮಸೂರ, ಕಪ್ಪು ಬೀನ್ಸ್ ಸಹ ಒಳ್ಳೆಯದೇ, ಆದರೆ ಕೊನೆಗೆ ಎಣ್ಣೆನೋ ಬೆಣ್ಣೆನೋ ಬೇಕೇ ಬೇಕು.

ಕೈಕೊಟ್ಟದ್ದು ಅಕ್ರೋಟು. ಒಣ ಅಕ್ರೋಟು ಮತ್ತು ಖಡಕ್ ರೆಡ್ ಒಳ್ಳೇ ಜೋಡಿ ಅಂತ ಎಲ್ಲೋ ಓದಿ ಒಂದು ಬಟ್ಟಲು ತುಂಬಾ ಇಟ್ಟೆ. ಅಕ್ರೋಟಿನ ಸಿಪ್ಪೆಯಲ್ಲೇ ಟ್ಯಾನಿನ್ ಇದೆ ರೀ! ಒಗರಿನ ಮೇಲೆ ಒಗರು. ಬಾಯಿ ಬೀಗ ಹಾಕಿದ ಹಾಗಾಯ್ತು. ಬೆಣ್ಣೆಯಲ್ಲಿ ಹುರಿದು ಉಪ್ಪು ಹಾಕಿದರೆ ಪರವಾಗಿಲ್ಲ.

ಅಣಬೆ ಬಗ್ಗೆ ನನಗೇ ಗೊಂದಲ. ಒಮ್ಮೆ ಅಮೃತ, ಒಮ್ಮೆ ವೈನ್ ಪೂರ್ತಿ ಒರಟು. ಯಾಕೆ?

ಬಾಣಲೆ

ಅಣಬೆಗೆ ಉಪ್ಪು ಎಷ್ಟು ಹಾಕಿದ್ದಿರಿ ಅನ್ನುವುದೇ ಉತ್ತರ. ಅಣಬೆಯಲ್ಲಿ ಉಮಾಮಿ, ಅಂದರೆ ಮಾಂಸದ ಸಾರಿನಂಥ ರುಚಿ, ಜಾಸ್ತಿ. ಉಮಾಮಿ ಒಂದೇ ಇದ್ದರೆ ವೈನ್‌ನ ಕಹಿ, ಒಗರು ಎರಡೂ ಮುಂದೆ ಬರುತ್ತವೆ, ಹಣ್ಣು ಹಿಂದೆ ಸರಿಯುತ್ತದೆ. ಉಪ್ಪು ಅದನ್ನು ಸರಿಮಾಡುತ್ತದೆ. ಹಳೆಯ ಗಟ್ಟಿ ಚೀಸ್‌ನಲ್ಲೂ ಉಮಾಮಿ ತುಂಬಿರುತ್ತದೆ, ಆದರೆ ಅದರ ಜೊತೆಗೇ ಉಪ್ಪೂ ಬರುತ್ತದೆ. ಅದಕ್ಕೇ ಅದು ನಡೆಯುತ್ತದೆ.

ನಾನು ಅಡುಗೆಮನೆಯಲ್ಲಿ ಮಾಡುವ ಪರೀಕ್ಷೆ ಇದು. ಕುರಿಮಾಂಸದ ಒಂದು ತುಂಡನ್ನು ಉಪ್ಪಿಲ್ಲದೆ ಸುಟ್ಟು, ಎರಡು ಭಾಗ ಮಾಡಿ. ಒಂದರ ಮೇಲೆ ಮಾತ್ರ ಹರಳುಪ್ಪು ಉದುರಿಸಿ. ಎರಡನ್ನೂ ಒಂದೇ ವೈನ್ ಜೊತೆ ತಿನ್ನಿ. ಉಪ್ಪಿಲ್ಲದ ತುಂಡಿನ ಜೊತೆ ವೈನ್ ಒರಟಾಗಿಯೇ ಇರುತ್ತದೆ. ಉಪ್ಪಿದ್ದ ತುಂಡಿನ ಜೊತೆ ಅದೇ ವೈನ್ ಒಮ್ಮೆಲೇ ಹಣ್ಣಾಗುತ್ತದೆ, ಕಪ್ಪು ದ್ರಾಕ್ಷಿ, ಪ್ಲಮ್ ಎಲ್ಲ ಕಾಣಿಸಿಕೊಳ್ಳುತ್ತವೆ. ಮೊದಲ ಸಲ ಮಾಡಿದಾಗ ಯಾರೋ ಗ್ಲಾಸ್ ಬದಲಿಸಿದ್ದಾರೆ ಅಂದುಕೊಂಡೆ. "ಮಾಂಸ ಟ್ಯಾನಿನ್ ಅನ್ನು ಮೆದುಗೊಳಿಸುತ್ತದೆ" ಅನ್ನುವ ಮಾತಿನಲ್ಲಿ ಮುಕ್ಕಾಲು ಪಾಲು ಕೆಲಸ ಉಪ್ಪಿನದ್ದೇ ಅಂತ ನನ್ನ ಲೆಕ್ಕ.

ಸಾಸ್ ಮರೆಯಬೇಡಿ. ಜನ ಮಾಂಸ ನೋಡಿ ವೈನ್ ಆರಿಸುತ್ತಾರೆ, ತಟ್ಟೆಯಲ್ಲಿ ಗೆಲ್ಲುವುದು ಸಾಸ್. ಸಕ್ಕರೆ ಸುರಿದ ಬಾರ್ಬೆಕ್ಯೂ ಸಾಸ್ ಇದ್ದರೆ ಎಂಥ ಮಾಂಸವಾದರೂ ಕೇಕ್ ಮಾಡಿದ ಕೆಲಸವನ್ನೇ ಮಾಡುತ್ತದೆ.

ಪೀಪಾಯಿ

ತಡವಾಗಿ ಬಂದೆ. ಎಲ್ಲರೂ ಖಡಕ್ ಖಡಕ್ ಅಂತಿದ್ದೀರಿ, ಆದರೆ ಅದು ಒಂದೇ ಗುಣ ಅಲ್ಲ. ಟ್ಯಾನಿನ್ ಬೇರೆ, ಆಲ್ಕೋಹಾಲ್ ಬೇರೆ, ಹುಳಿ ಬೇರೆ, ಬಣ್ಣ ಬೇರೆ. ಬಣ್ಣ ಅಂತೂ ದೊಡ್ಡ ಮೋಸ. ಇಟಲಿಯ ಬರೋಲೊ ನೋಡಿ. ನೆಬ್ಬಿಯೋಲೊ ದ್ರಾಕ್ಷಿಯದ್ದು. ಗ್ಲಾಸಿನಲ್ಲಿ ತೆಳು ಇಟ್ಟಿಗೆ ಬಣ್ಣ, ಆಚೆ ಬೆರಳಿಟ್ಟರೆ ಕಾಣುತ್ತದೆ. ಪಾಪ, ಸಾಧು ಇರಬೇಕು ಅಂತ ಗುಟುಕರಿಸಿದರೆ ಒಸಡು ಕಿತ್ತುಬರುವ ಒಗರು, ಜೊತೆಗೆ ಹುಳಿ. ಅದನ್ನು ಕನಿಷ್ಠ 38 ತಿಂಗಳು ಇಟ್ಟೇ ಮಾರಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಅಂತ ನಿಯಮವೇ ಇದೆ.

ಇನ್ನೊಂದು ಕಡೆ ಇಟಲಿಯದೇ ಅಮರೋನೆ. ದ್ರಾಕ್ಷಿಯನ್ನು ಕಿತ್ತು ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ವೈನ್ ಮಾಡುತ್ತಾರೆ. ಆಲ್ಕೋಹಾಲ್ 14%ಕ್ಕಿಂತ ಕಡಿಮೆ ಇರುವಂತಿಲ್ಲ, 15, 16 ದಾಟುವುದು ಮಾಮೂಲು. ಅಲ್ಲಿ ಖಡಕ್ ಅನ್ನಿಸುವುದು ಬಿಸಿ ಮತ್ತು ದಪ್ಪ. ಇವೆರಡಕ್ಕೂ ಒಂದೇ ಊಟ ಹಾಕಿದರೆ ಆಗುತ್ತದಾ? ಬರೋಲೊಗೆ ಬೆಣ್ಣೆ, ಕೊಬ್ಬು ಬೇಕು. ಅಮರೋನೆಗೆ ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಮಾಂಸ, ಇಲ್ಲವೇ ಬರೀ ಒಂದು ತುಂಡು ಹಳೇ ಚೀಸ್.

ಊಟದ ಜೊತೆ ಬೆಳೆದ ವೈನ್‌ಗಳನ್ನು ನೋಡಿದರೂ ಸುಳಿವು ಸಿಗುತ್ತದೆ. ನೈಋತ್ಯ ಫ್ರಾನ್ಸ್‌ನ ಮದಿರಾನ್‌ನಲ್ಲಿ ತನ್ನಾ ದ್ರಾಕ್ಷಿ ಬೆಳೆಯುತ್ತದೆ. ಅದರ ಒಗರು ಎಷ್ಟಪ್ಪಾ ಅಂದರೆ, ಅದನ್ನು ಪಳಗಿಸಲೆಂದೇ ಅಲ್ಲಿನ ಪ್ಯಾಟ್ರಿಕ್ ಡ್ಯೂಕೂರ್ನೋ 1990ರ ದಶಕದ ಶುರುವಿನಲ್ಲಿ ವೈನ್‌ಗೆ ಆಮ್ಲಜನಕವನ್ನು ಸಣ್ಣ ಸಣ್ಣ ಗುಳ್ಳೆಗಳಾಗಿ ಬಿಡುವ ವಿಧಾನ ಕಂಡುಹಿಡಿದರು. ಅದೇ ಸೀಮೆಯವರು ಬಾತುಕೋಳಿಯನ್ನು ಅದರದೇ ಕೊಬ್ಬಿನಲ್ಲಿ ಮುಳುಗಿಸಿ ಬೇಯಿಸಿ ತಿನ್ನುತ್ತಾರೆ. ಲೆಕ್ಕ ಸರಿಹೋಯ್ತು. ಮಾಲ್ಬೆಕ್ ದ್ರಾಕ್ಷಿ ಕೂಡ ಅದೇ ಸೀಮೆಯ ಕಾವೋರ್‌ನದ್ದು. 1853ರ ಹೊತ್ತಿಗೆ ಮಿಷೆಲ್ ಪೂಜೆ ಅನ್ನುವವರು ಅರ್ಜೆಂಟೀನಾಗೆ ಒಯ್ದರು. ಅಲ್ಲಿ ಕೆಂಡದ ಮೇಲೆ ಬರೀ ಉಪ್ಪು ಹಾಕಿ ಸುಟ್ಟ ಗೋಮಾಂಸದ ಪಕ್ಕದಲ್ಲಿ ಅದು ಕೂತಿತು. ಬರೀ ಉಪ್ಪು, ನೋಡಿ. ಬಾಣಲೆಯವರು ಹೇಳಿದ್ದು ಇದನ್ನೇ.

ಅಂದಹಾಗೆ ಹೊಸನಾಲಿಗೆಯವರೇ, ವೈನ್ ಎಷ್ಟು ತಣ್ಣಗಿತ್ತು?

ಹೊಸನಾಲಿಗೆ

ತಣ್ಣಗೆ? ರೆಡ್ ವೈನ್ ಅಂದರೆ ಕೋಣೆಯ ಬಿಸಿಯಲ್ಲೇ ಅಲ್ವಾ? ಮೇಜಿನ ಮೇಲಿತ್ತು, ಒಲೆ ಪಕ್ಕ.

ಪೀಪಾಯಿ

ಅಯ್ಯೋ! "ಕೋಣೆಯ ಬಿಸಿ" ಅನ್ನುವುದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳ ಕಾಲದ ಮಾತು. ಇಂಥ ವೈನ್‌ಗೆ 16ರಿಂದ 18 ಡಿಗ್ರಿ ಸಾಕು. 25 ದಾಟಿದರೆ ಆಲ್ಕೋಹಾಲ್ ಘಾಟು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ಘಮ ಅದರ ಹಿಂದೆ ಮುಚ್ಚಿಹೋಗುತ್ತದೆ. ಹಾಗಂತ ಫ್ರಿಜ್‌ನಿಂದ ನೇರ ತೆಗೆದು ಕುಡಿದರೆ ಒಗರು ಇನ್ನೂ ಜಾಸ್ತಿ ಕಾಣುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದರೆ ಸರಿ.

ಎಳೆಯ ವೈನ್ ಆದರೆ ಒಂದೆರಡು ಗಂಟೆ ಮುಂಚೆ ಅಗಲ ಬಾಯಿಯ ಜಗ್‌ಗೆ ಸುರಿದಿಡಿ. ಡಿಕ್ಯಾಂಟರ್ ಬೇಕೇ ಬೇಕು ಅಂತಿಲ್ಲ, ತೊಳೆದ ಜಗ್ ಸಾಕು. ಗಾಳಿ ಸಿಕ್ಕರೆ ಘಮ ಬಿಚ್ಚಿಕೊಳ್ಳುತ್ತದೆ. ಒಗರೂ ಕರಗಿಹೋಗುತ್ತದೆ ಅಂತಾರೆ, ಗಂಟೆ ಹೊತ್ತಿನಲ್ಲಿ ಅಷ್ಟೆಲ್ಲ ಆಗುತ್ತದೆ ಅಂತ ನಾನಂತೂ ನಂಬುವುದಿಲ್ಲ.

ಹೊಸನಾಲಿಗೆ

ಮೂರು ದಿನ ಆಯ್ತು, ವರದಿ ಒಪ್ಪಿಸ್ತೀನಿ. ಉಳಿದ ಅರ್ಧ ಬಾಟಲಿಗೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಟ್ಟಿದ್ದೆ. ಇವತ್ತು ತೆಗೆದು ಮುಕ್ಕಾಲು ಗಂಟೆ ಹೊರಗಿಟ್ಟೆ. ಮೊದಲು ಟೀ ಪ್ರಯೋಗ. ಹಾಲು ಹಾಕಿದಾಗ ಆದ ವ್ಯತ್ಯಾಸ ನೋಡಿ ಒಬ್ಬನೇ ನಕ್ಕೆ. ಆಮೇಲೆ ಚೆಡ್ಡರ್‌ನ ಒಂದು ತುಂಡು, ಒಂದು ಗುಟುಕು. ಇದು ಶನಿವಾರದ ವೈನೇನಾ? ಒರಟು ಹೋಗಿದೆ. ಕೊನೆಗೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಬಂದ ಹಾಗಾಯ್ತು. ಅದು ಕೆಟ್ಟಿರುವ ಗುರುತಾ?

ಮತ್ತೆ, ರುಚಿ ನೋಡುವುದು ಅಂದರೆ ನಿಜವಾಗಿ ಏನು ಮಾಡಬೇಕು? ಗ್ಲಾಸ್ ತಿರುಗಿಸುವುದು, ಮೂಗು ತೂರಿಸುವುದು ಎಲ್ಲ ನಾಟಕ ಅನ್ನಿಸುತ್ತದೆ.

ಸಿಪ್ಪೆಬೀಜ

ಕೆಟ್ಟಿಲ್ಲ. ಕ್ಯಾಬರ್ನೆ ಮನೆತನದ ವಾಸನೆ ಅದು. ಪೈರಜೀನ್ ಅನ್ನುವ ಅಂಶ ದೊಣ್ಣೆಮೆಣಸಿನಕಾಯಿಯಲ್ಲೂ ಇದೆ, ಕ್ಯಾಬರ್ನೆಯಲ್ಲೂ ಇದೆ. ದ್ರಾಕ್ಷಿ ಬಲಿತಷ್ಟೂ ಕಡಿಮೆಯಾಗುತ್ತದೆ. ಕೆಟ್ಟದ್ದು ಅಂದರೆ ಒದ್ದೆ ರಟ್ಟಿನ ವಾಸನೆ. ಅದು ಕಾರ್ಕ್‌ನ ದೋಷ, ಅಂಥ ಬಾಟಲಿ ಎಷ್ಟು ಹೊತ್ತು ಗಾಳಿಗಿಟ್ಟರೂ ಸರಿಹೋಗುವುದಿಲ್ಲ.

ಗ್ಲಾಸ್ ತಿರುಗಿಸುವುದು ನಾಟಕ ಅಲ್ಲ, ಘಮ ಏಳಿಸುವುದಕ್ಕೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸುರಿಯಬೇಡಿ, ಇಲ್ಲದಿದ್ದರೆ ಅಂಗಿ ಮೇಲೆ. ತಿರುಗಿಸಿದಾಗ ಗಾಜಿನ ಮೇಲೆ ಹನಿಹನಿಯಾಗಿ ಇಳಿಯುತ್ತದಲ್ಲ, ಅದನ್ನು ನೋಡಿ "ಒಳ್ಳೇ ವೈನ್" ಅನ್ನುವವರೇ ನಾಟಕ ಮಾಡುವವರು. ಅದು ಆಲ್ಕೋಹಾಲ್ ಆವಿಯಾಗುವ ಆಟ. ಜೇಮ್ಸ್ ಥಾಮ್ಸನ್ ಅನ್ನುವ ವಿಜ್ಞಾನಿ 1855ರಲ್ಲೇ ವಿವರಿಸಿಟ್ಟಿದ್ದಾರೆ.

ಮೂಸಿ, ಸಣ್ಣ ಗುಟುಕು ತೆಗೆದುಕೊಂಡು ಬಾಯಿ ತುಂಬಾ ಓಡಾಡಿಸಿ. ನುಂಗಿದ ಮೇಲೆ ನಾನು ಮೂರೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾಲಿಗೆಯಿಂದ ಒಸಡು ಸವರಿದರೆ ಉಜ್ಜುತ್ತದಾ? ಅದು ಟ್ಯಾನಿನ್. ನಾಲಿಗೆಯ ಬದಿಯಲ್ಲಿ ನೀರೂರುತ್ತದಾ? ಅದು ಹುಳಿ. ಗಂಟಲಲ್ಲಿ ಬಿಸಿ ಇಳಿಯುತ್ತದಾ? ಅದು ಆಲ್ಕೋಹಾಲ್. ಒಸಡು ಜಾಸ್ತಿ ಉಜ್ಜಿದರೆ ಉಪ್ಪು, ಕೊಬ್ಬು. ನೀರೂರಿದರೆ ಟೊಮೇಟೊ, ನಿಂಬೆ ಇರುವ ಅಡುಗೆಗೂ ಹೆದರಬೇಕಿಲ್ಲ. ಗಂಟಲು ಬಿಸಿಯಾದರೆ ಮೆಣಸಿನಕಾಯಿ ದೂರ. ಬ್ಲ್ಯಾಕ್‌ಬೆರಿ, ಚರ್ಮ, ತಂಬಾಕು ಅಂತ ಘಮ ಹುಡುಕುವುದನ್ನು ಆಮೇಲೆ ಬೇಕಾದರೆ ಆಡಿಕೊಳ್ಳಿ.

ಬಾಣಲೆ

ಖಾರ ಬೇಕೇ ಬೇಕು ಅನ್ನುವವರಿಗೆ ಕರಿಮೆಣಸು ಇದೆ. ಜಜ್ಜಿ ಸ್ಟೇಕ್‌ಗೆ ಒತ್ತಿ ಸುಟ್ಟರೆ ಸಿರಾ ಅನ್ನುವ ರೆಡ್ ವೈನ್ ಜೊತೆ ಅದ್ಭುತ. ಸಿರಾದಲ್ಲೇ ಕರಿಮೆಣಸಿನ ಘಮ ಇರುತ್ತದೆ.

ಮೀನಿನ ಬಗ್ಗೆ ಯಾರೂ ಕೇಳಲಿಲ್ಲ. ಒಂದೇ ಮಾತು: ಬೇಡ. ರೆಡ್ ವೈನ್‌ನ ಕಬ್ಬಿಣದ ಅಂಶ ಮೀನಿನೆಣ್ಣೆಗೆ ತಾಗಿದರೆ ಬಾಯಲ್ಲಿ ನಾತ ಉಳಿಯುತ್ತದೆ. ಜಪಾನಿನವರು 2009ರಲ್ಲಿ ಅದನ್ನೂ ಪತ್ತೆಹಚ್ಚಿದರು.

ಅಡ್ಡಮಾತು

ಸಿರಾದಲ್ಲಿ ಕರಿಮೆಣಸು ಅಂತ ಎಲ್ಲರೂ ಹೇಳ್ತಾರೆ. ಹತ್ತು ವರ್ಷದಿಂದ ಕುಡೀತಿದ್ದೀನಿ, ನನಗೆ ಒಂದು ದಿನವೂ ಬಂದಿಲ್ಲ. ಜಂಬ ಅಂದಿದ್ದು ಅದಕ್ಕೇ.

ಪೀಪಾಯಿ

ಕೋಪ ಮಾಡ್ಕೋಬೇಡಿ, ನಿಮ್ಮ ಮೂಗಿಗೆ ಅದು ಕಾಣದೇ ಇರಬಹುದು. ಆ ಘಮದ ಅಂಶ ರೋಟಂಡೋನ್. ಕರಿಮೆಣಸಿನಲ್ಲಿರುವುದೂ ಅದೇ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಅವರು ಪರೀಕ್ಷೆ ಮಾಡಿದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ ಎಷ್ಟು ಜಾಸ್ತಿ ಹಾಕಿದರೂ ಅದರ ವಾಸನೆ ಬರಲೇ ಇಲ್ಲ. ನೀವು ಆ ಐದನೆಯವರು ಅಂತ ಕಾಣುತ್ತದೆ.

ಅಡ್ಡಮಾತು

ಹತ್ತು ವರ್ಷ ಎಲ್ಲರನ್ನೂ ಸುಳ್ಳುಗಾರರು ಅಂದುಕೊಂಡಿದ್ದೆನಲ್ಲ!

ಹೊಸನಾಲಿಗೆ

ಅದೇ ಮೂವರನ್ನು ಮತ್ತೆ ಕರೆದಿದ್ದೆ. ಅದೇ ಕ್ಯಾಬರ್ನೆ, ಹೊಸ ಬಾಟಲಿ, ಅರ್ಧ ಗಂಟೆ ಫ್ರಿಜ್. ತರಕಾರಿಬುಟ್ಟಿಯವರ ಬದನೆಕಾಯಿ ಮಾಡಿದೆ, ಕುರಿಮಾಂಸಕ್ಕೆ ಬರೀ ಉಪ್ಪು, ಬೆಳ್ಳುಳ್ಳಿ. ತಟ್ಟೆ ಬರುವ ತನಕ ಬಾಟಲಿ ಮುಟ್ಟಲು ಬಿಡಲಿಲ್ಲ. ಒಬ್ಬ ಗೆಳೆಯ "ಹೋದ ಸಲಕ್ಕಿಂತ ಒಳ್ಳೇ ವೈನ್ ತಂದಿದ್ದೀಯ" ಅಂದ. ನಾನು ಬಾಯಿ ಬಿಡಲಿಲ್ಲ. 750 ಮಿಲಿ ನಾಲ್ಕು ಜನಕ್ಕೆ ಸಾಲಲಿಲ್ಲ. ಕೇಕ್ ಇತ್ತು, ಗ್ಲಾಸ್ ಎಲ್ಲ ಎತ್ತಿದ ಮೇಲೆ ಕಾಫಿ ಜೊತೆ ಕೊಟ್ಟೆ.

ತರಕಾರಿಬುಟ್ಟಿ

ಬದನೆಕಾಯಿ ಉಳಿಯಿತಾ?

ಹೊಸನಾಲಿಗೆ

ಕುರಿ ಉಳಿಯಿತು.

ಅಡ್ಡಮಾತು

ನಾನೂ ಮಾಡಿದೆ. ಸ್ಟೇಕ್ ಅರ್ಧಕ್ಕೆ ಉಪ್ಪು, ಅರ್ಧ ಹಾಗೇ. ಹೆಂಡತಿಗೆ ಕಣ್ಣು ಮುಚ್ಚಿಸಿ ಒಂದೇ ಸಿರಾವನ್ನು ಎರಡು ಗ್ಲಾಸಲ್ಲಿ ಕೊಟ್ಟೆ. ಎರಡು ಬೇರೆ ವೈನ್ ಅಂದಳು. ಉಪ್ಪಿನ ಕಡೆಯ ಗ್ಲಾಸಿನಲ್ಲಿ ಕರಿಮೆಣಸು ಘಮ್ ಅಂತಿದೆ ಅಂತ ಬೇರೆ ಹೇಳಿದಳು. ಆ ಗ್ಲಾಸ್ ಇಸಿದುಕೊಂಡು ಐದು ನಿಮಿಷ ಮೂಸಿದೆ. ಏನೂ ಇಲ್ಲ.